ರಾಣಿಯ ಮೈಯೊಳಗಿನ ಏಡಿ

ಬಹಳ ಕಾಲದ ಹಿಂದೆ, ಬೆಟ್ಟಗಳಾಚೆ ದೀಪಾವತಿ ಎಂಬ ರಾಜ್ಯವಿತ್ತು. ಅಲ್ಲಿ ದೀಪ ಆರಿಸುವಂತಿರಲಿಲ್ಲ. ಹುಟ್ಟಿದ ದಿನ ಹಚ್ಚಿದ ದೀಪ ಆರಿದರೆ ಜೀವವೂ ಹೋಗುತ್ತದೆಂದು ಎಲ್ಲರೂ ನಂಬಿದ್ದರು. ಹಗಲಿನಲ್ಲೂ ಅರಮನೆ ಜಗಜಗ ಎನ್ನುತ್ತಿತ್ತು.

ಆ ರಾಜ್ಯವನ್ನು ಕಂಡರೆ ಹೊಗೆಕಣ್ಣನೆಂಬ ಮಾಂತ್ರಿಕನಿಗೆ ಹೊಟ್ಟೆಕಿಚ್ಚು. ಅವನು ತನ್ನ ಪ್ರಾಣವನ್ನೇ ಅಕ್ಕಿಕಾಳಿನಷ್ಟು ಏಡಿಯಾಗಿಸಿ ರಾಣಿ ಚಂದಲೆಯ ಮೈಯೊಳಗೆ ಬಿಟ್ಟ. ಏಡಿ ಹುಳಿ ಉಗುಳುತ್ತಾ ಅವಳನ್ನು ಒಳಗೊಳಗೇ ತಿನ್ನತೊಡಗಿತು.

"ಎಲ್ಲಿದೆ ಅಂತ ತೋರಿಸಿದ್ರೆ ಕಿತ್ತು ತೆಗೀತೀನಿ. ಆದ್ರೆ ರಾಣಿಯವರ ಮೈ ಒಂದೇ ಗಾಯ ತಡೆದೀತು," ಎಂದ ವೈದ್ಯ ಅಗ್ಗಳಯ್ಯ.

ರಾಜಕುಮಾರ ಕೇತರಸನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕುದುರೆಯೇರಿ, ಮಿಂಚುಹುಳುಗಳಿಗೆಲ್ಲ ಹಿರಿಯಳಾದ ಅಜ್ಜಿಯ ಗುಹೆಗೆ ಧಾವಿಸಿದ. ಅಜ್ಜಿ ರೆಕ್ಕೆ ಕೊಡವಿ ಬೆಳಕಿನ ಪುಡಿ ಕೊಟ್ಟಳು. ರಾಣಿ ಕುಡಿದಳು. ಅವಳ ಮೈಯೆಲ್ಲ ಹೊಳೆಯಿತು. ಏಡಿ ಕಾಣಲಿಲ್ಲ.

ಮತ್ತೆ ಓಡಿದ. "ಇನ್ನೂ ಜಾಸ್ತಿ ಬೆಳಕು ಕೊಡಜ್ಜಿ!" ಕೊಟ್ಟಳು. ಈ ಸಲ ರಾಣಿಯ ಕಡೆ ನೋಡಿದವರ ಕಣ್ಣು ಕುಕ್ಕಿತು. ಏಡಿ ಹಾಯಾಗಿ ತಿನ್ನುತ್ತಲೇ ಇತ್ತು.

ಆ ಹೊಳಪು ಇಳಿದ ಮೇಲೆ ಮೂರನೆಯ ಸಲ ಓಡಿದ. "ಇನ್ನೂ ಜಾಸ್ತಿ!"

"ಬೆಳಕು ಬೆಳಕು ಅಂತ ಬಡ್ಕೋತೀಯಲ್ಲೋ! ನಿನಗೆ ಬೇಕಾಗಿರೋದು ಕತ್ತಲೆ ಕಣೋ," ಎಂದು ಅಜ್ಜಿ ನಕ್ಕಳು. ಪುಡಿಯ ಒಂದೊಂದು ಕಣಕ್ಕೂ ಮೇಣದ ಅಂಗಿ ತೊಡಿಸಿದಳು. "ಇದು ನಿದ್ದೆ ಮಾಡೋ ಪುಡಿ. ಏಡಿಯ ಹುಳಿ ತಾಗಿದ ಕಡೆ ಮಾತ್ರ ಅಂಗಿ ಕರಗಿ ಎಚ್ಚರಾಗತ್ತೆ."

ರಾಣಿ ಕುಡಿದಳು. ಏನೂ ಕಾಣಲಿಲ್ಲ. ಕೇತರಸ ಶತಪಥ ಹಾಕಿದ. ಸುತ್ತಲೂ ಉರಿಯುವ ದೀಪಗಳನ್ನು ನೋಡಿದ. ಇಷ್ಟು ಬೆಳಕಿನಲ್ಲಿ ಅಷ್ಟು ಚಿಕ್ಕ ಬೆಳಕು ಎಲ್ಲಿ ಕಂಡೀತು?

"ಕಿಟಕಿ ಮುಚ್ಚಿ! ದೀಪಗಳನ್ನೆಲ್ಲ ಹೊರಗೆ ಒಯ್ಯಿರಿ!"

ತಲೆದಿಂಬಿನ ಬಳಿ ರಾಣಿಯ ಹುಟ್ಟುದೀಪವೊಂದೇ ಉಳಿಯಿತು. ಕಂಬಕ್ಕೆ ಬೆಸೆದ ಆ ದೀಪವನ್ನು ಒಯ್ಯುವಂತಿರಲಿಲ್ಲ. ಕೇತರಸ ದೀಪದ ಮುಂದೆ ಬಾಗಿದ. ತಾಯಿಯನ್ನು ತಾನೇ ಕೊಂದುಬಿಟ್ಟರೆ?

"ಕೈ ಹಿಡ್ಕೊಂಡಿದ್ದೀನಿ ಮಗನೇ, ಊದು," ಎಂದಳು ರಾಣಿ.

ಊದಿದ. ಕತ್ತಲೆ ಕವಿಯಿತು. ತಾಯಿಯ ಕೈ ಬೆಚ್ಚಗೇ ಇತ್ತು. ಅವಳ ಎಡ ಪಕ್ಕೆಯ ಕೆಳಗೆ, ಅಕ್ಕಿಕಾಳಿನಷ್ಟು ಕೆಂಪು ಬೆಳಕು ಮಿನುಗಿತು.

"ಅಲ್ಲಿ!"

ಅಗ್ಗಳಯ್ಯ ಅಲ್ಲಿ ಬೆರಳಿಟ್ಟು ಕಿಟಕಿ ತೆರೆಸಿದ. ಒಂದೇ ಸಲ ಕೊಯ್ದು ಏಡಿಯನ್ನು ಕಿತ್ತ. ಕೇತರಸ ಅದನ್ನು ಹಿಮ್ಮಡಿಯಲ್ಲಿ ಹೊಸಕಿದ. ದೂರದ ಬೆಟ್ಟದಲ್ಲಿ ಹೊಗೆಕಣ್ಣ ಹೊಗೆಯಾಗಿ ಹೋದ.

ಆಮೇಲೆ ದೀಪಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು. ರಾಣಿಯ ಹುಟ್ಟುದೀಪವನ್ನು ಮಾತ್ರ ಮತ್ತೆ ಹಚ್ಚಲಿಲ್ಲ, ಅವಳೇ ಬೇಡವೆಂದಳು. ಅದಿಲ್ಲದೆಯೇ ಬಹಳ ವರ್ಷ ಬದುಕಿ, ಮೊಮ್ಮಕ್ಕಳನ್ನು ಕತ್ತಲೆಯಲ್ಲಿ ತಟ್ಟಿ ಮಲಗಿಸಿದಳು.