ಅರಿಶಿನ ಅನ್ನದ ತುದಿ

ಇಮಾಸ್ ಕದ್ದದ್ದು ರೇಡಿಯೇಟರನ್ನು ಎಲ್ಲಿಡಬೇಕು ಎಂಬ ಒಂದು ಯೋಚನೆಯನ್ನು. ಅಂಥ ಕಳವಿಗೆ ಬಾಂಡುಂಗ್ ನಗರದ ಯಾವ ಪೊಲೀಸ್ ಠಾಣೆಯಲ್ಲೂ ದೂರು ಬರೆದುಕೊಳ್ಳುವುದಿಲ್ಲ. ಹಾಗಾಗಿ ಶಿಕ್ಷೆಯನ್ನು ತಾನೇ ಕೊಡುವುದೆಂದು ನಿನಿಂಗ್ ತೀರ್ಮಾನಿಸಿದಳು.

ಅವರಿಬ್ಬರೂ ಕೆಲಸಕ್ಕಿದ್ದ ಸೇನೆಯ ವರ್ಕ್‌ಶಾಪಿಗೆ ಅಜ್ಜಂದಿರ ಕಾಲದ ಬೇಹು ಗಾಡಿಗಳು ಬಂದಿದ್ದವು. ಉಕ್ಕಿನ ಕವಚ ಇನ್ನೂ ಗಟ್ಟಿಯಾಗಿತ್ತು, ಒಳಗಿನ ಪೆಟ್ರೋಲ್ ಎಂಜಿನ್ ಮಾತ್ರ ಕೆಮ್ಮುವ ಮುದುಕ. ಅದನ್ನು ಕಿತ್ತು ಡೀಸೆಲ್ ಎಂಜಿನ್, ಆಟೊಮ್ಯಾಟಿಕ್ ಗೇರು ಕೂರಿಸಿ ಗಾಡಿಗಳನ್ನು ಮತ್ತೆ ಸೇವೆಗೆ ಕಳಿಸಬೇಕಿತ್ತು. ಹೊಸ ಎಂಜಿನ್ ಉದ್ದ. ಹಿಂಬದಿಯ ಕವಚ ಕತ್ತರಿಸದೆ ಆಗದು ಎಂದು ಎಂಜಿನಿಯರುಗಳೆಲ್ಲ ಕೈಚೆಲ್ಲಿದಾಗ, ನಿನಿಂಗ್ ಮನೆಯ ಊಟದ ಮೇಜಿನ ಮೇಲೆ ನೂಡಲ್ಸ್ ಡಬ್ಬದ ರಟ್ಟಿನಲ್ಲಿ ಗಾಡಿಯ ಬೆನ್ನು ಮಾಡಿ, ರೇಡಿಯೇಟರನ್ನು ಪಕ್ಕಕ್ಕೆ ಮಲಗಿಸಿ ನೋಡಿದಳು. ಎಂಜಿನ್ ಸಲೀಸಾಗಿ ಕೂತಿತು. ಆ ರಟ್ಟಿನ ಬೆನ್ನನ್ನು ಅವಳು ಮೊದಲು ತೋರಿಸಿದ್ದು ಇಮಾಸ್‌ಗೆ. ಮರುದಿನವೇ ಜ್ವರ ಬಂದು ಮಲಗಿದಳು. ಎದ್ದು ಬರುವಷ್ಟರಲ್ಲಿ ಅದು ‘ಇಮಾಸ್ ವಿನ್ಯಾಸ’ವಾಗಿತ್ತು, ಇಮಾಸ್ ಯೋಜನೆಯ ಮುಖ್ಯಸ್ಥೆಯಾಗಿದ್ದಳು.

ಇಬ್ಬರೂ ಓದು ಮುಗಿಸಿ ಒಟ್ಟಿಗೇ ಕೆಲಸಕ್ಕೆ ಸೇರಿದವರು, ಅಂದಿನಿಂದ ಒಂದೇ ಬೆಂಚಿನಲ್ಲಿ ಉಂಡವರು. ಚುಚ್ಚುತ್ತಿದ್ದದ್ದು ಅದೇ. ಈಗಲೂ ಮಧ್ಯಾಹ್ನ ಇಮಾಸ್ ಬಾಳೆಲೆಯ ಪೊಟ್ಟಣ ಬಿಚ್ಚಿ, ಬೆಂದ ಮೀನಿನ ಕೆನ್ನೆಯ ಮೆತ್ತನೆ ತುಂಡನ್ನು ಮಾತಿನ ನಡುವೆಯೇ ಇವಳ ತಟ್ಟೆಗೆ ತಳ್ಳುತ್ತಿದ್ದಳು.

“ತಿನ್ನೇ, ಸೊರಗಿ ಹೋಗಿದ್ದೀಯ. ಗಂಡ ಅನ್ನ ಹಾಕಲ್ವಾ?”

“ಹಾಕ್ತಾನೆ ತೆತೆ, ನಾನು ಬೇಯಿಸಿಟ್ಟು ಹೋಗಿದ್ರೆ.”

ತೆತೆ ಅಂದರೆ ಅಕ್ಕ. ಆ ಮಾತು ಬಾಯಿಂದ ಹೊರಡುವಾಗ ನಿನಿಂಗ್‌ಗೆ ಸಂಬಾಲ್ ಚಟ್ನಿ ನೆತ್ತಿಗೇರಿದಂತಾಗುತ್ತಿತ್ತು. ಆದರೂ ಮೀನಿನ ತುಂಡನ್ನು ಬಿಡುತ್ತಿರಲಿಲ್ಲ. ಸಿಟ್ಟು ಇಮಾಸ್ ಮೇಲೆ, ಮೀನೇನು ಮಾಡಿತ್ತು?

ಉಪಾಯ ಹೊಳೆದದ್ದು ವರ್ಕ್‌ಶಾಪಿನ ಒಂದು ಹಳೆಯ ಪದ್ಧತಿಯಿಂದ. ಹೊಸ ಗಾಡಿ ಹೊರಡುವ ಮುನ್ನ ಅರಿಶಿನ ಅನ್ನವನ್ನು ಗೋಪುರದಂತೆ ಕಟ್ಟಿ ಪ್ರಾರ್ಥನೆ ಮಾಡುತ್ತಾರೆ. ದೊಡ್ಡ ಅಧಿಕಾರಿ ಅದರ ತುದಿ ಕತ್ತರಿಸಿ ಯೋಜನೆಯ ಮುಖ್ಯಸ್ಥರಿಗೆ ಕೊಡುತ್ತಾರೆ. ತುದಿ ಯಾರ ತಟ್ಟೆಯಲ್ಲೋ ಅವರೇ ಮೊದಲು ಗಾಡಿ ಓಡಿಸಬೇಕು. ಜನರಲ್ ಬಂದರೂ ಈ ಕ್ರಮ ತಪ್ಪುವಂತಿಲ್ಲ.

ಗಾಡಿ ನಿಲ್ಲುವ ಜಾಗವೂ ಯಾವಾಗಲೂ ಒಂದೇ: ಮುಖ ಅತಿಥಿಗಳ ಚಪ್ಪರದ ಕಡೆ, ಬೆನ್ನು ಮೀನಿನ ಕೊಳದ ಕಡೆ. ಕೊಳದಲ್ಲಿ ಸೊಂಟ ಮುಟ್ಟದ ನೀರು. ಗೇರಿನ ಹಿಡಿಯಿಂದ ಗೇರುಪೆಟ್ಟಿಗೆಗೆ ಹೋಗುವ ಕೇಬಲ್ಲನ್ನು ಎರಡು ಹಲ್ಲಿನಷ್ಟು ಎಳೆದು ಬಿಗಿದರೆ ಸಾಕು. ಎಂಜಿನ್ ವಿನಯದಿಂದ ಸ್ಟಾರ್ಟ್ ಆಗುತ್ತದೆ, ಹಿಡಿಯನ್ನು ಮುಂದಿನ ಗೇರಿಗೆ ತಂದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ ಒಯ್ಯುವ ಗೇರು ಎಷ್ಟು ತಡಕಿದರೂ ಕೈಗೆ ಸಿಗುವುದಿಲ್ಲ. ಯಾರ ಮೈಗೂ ಗಾಯವಿಲ್ಲ, ಮಾನಕ್ಕೆ ಮಾತ್ರ. ಸಹಾಯಕ್ಕೆಂದು ಮೊದಲು ಓಡುವವಳು ನಿನಿಂಗ್. ಗದ್ದಲದಲ್ಲಿ ಸ್ಪ್ಯಾನರಿನ ಎರಡು ತಿರುವಿಗೆ ಕೇಬಲ್ ಮೊದಲಿನಂತೆ. ಆಮೇಲೆ ಉಳಿಯುವುದು ಒಂದೇ ಮಾತು: ಓಡಿಸಿದವಳಿಗೆ ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಪರೀಕ್ಷೆ ಮುಗಿಸಿ ಗಾಡಿಯನ್ನು ಕೊಳದ ಮುಂದೆ ನಿಲ್ಲಿಸಿದರು. ಮಧ್ಯಾಹ್ನದ ನಮಾಜಿಗೆ ಗಂಡಸರೆಲ್ಲ ಮಸೀದಿಗೆ ಹೋದರು. ಇಮಾಸ್ ತುರುಬು ಕಟ್ಟಿಸಿಕೊಳ್ಳಲು ಹೋದಳು. ನಿನಿಂಗ್ ಅನ್ನಕ್ಕೆ ಸೌತೆಕಾಯಿ ಹೆಚ್ಚುವಷ್ಟೇ ನಿರಾಳವಾಗಿ ಕೇಬಲ್ ಬಿಗಿದಳು. ಕೈ ತೊಳೆದು, ಜರಿಯ ಕೆಬಾಯಾ ರವಿಕೆ ತೊಟ್ಟು, ಸ್ಪ್ಯಾನರನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕಿಳಿಸಿದಳು.

“ಅಬ್ಬಾ!” ಎಂದ ವೆಲ್ಡರ್ ಒಮಾನ್. “ಇವತ್ತು ಮದುವಣಗಿತ್ತಿ ಗಾಡಿನೋ, ತೆತೆ ನಿನಿಂಗೋ?”

“ಗಾಡಿನೇ ಕಣಯ್ಯ. ಅದಕ್ಕೆ ಹೊಸ ಎಂಜಿನ್ ಹಾಕಿದ್ದೀವಿ, ನನಗ್ಯಾರು ಹಾಕ್ತಾರೆ?”

ಪ್ರಾರ್ಥನೆ ಮುಗಿಯಿತು. ಕರ್ನಲ್ ಗೋಪುರದ ತುದಿ ಕತ್ತರಿಸಿ ಇಮಾಸ್‌ಗೆ ಕೊಟ್ಟರು. ನಿನಿಂಗ್ ಪಕ್ಕದಲ್ಲೇ ಖಾಲಿ ತಟ್ಟೆ ಹಿಡಿದು, ಮುಖದ ಮೇಲೆ ಹದವಾದ ನಗು ಇಟ್ಟುಕೊಂಡು ನಿಂತಿದ್ದಳು. ಇಮಾಸ್ ಕರ್ನಲ್ ಹೆಂಡತಿಯ ಜತೆ ಏನೋ ಹರಟುತ್ತಲೇ, ತಿರುಗಿಯೂ ನೋಡದೆ, ಅರಿಶಿನ ಅನ್ನದ ತುದಿಯನ್ನು ಚಮಚದಿಂದ ನಿನಿಂಗ್ ತಟ್ಟೆಗೆ ತಳ್ಳಿಬಿಟ್ಟಳು.

“ಬಿತ್ತು! ತೆತೆ ನಿನಿಂಗ್ ತಟ್ಟೆಗೆ ಬಿತ್ತು!” ಒಮಾನ್ ಚಪ್ಪಾಳೆ ತಟ್ಟಿದ. ಚಪ್ಪರವೆಲ್ಲ ತಟ್ಟಿತು.

ಇಮಾಸ್ ತನ್ನ ಚಮಚವನ್ನೇ ನೋಡಿದಳು. ಮುಖ ಕೆಂಪಾಗಿ, ಆಮೇಲೆ ಹಗುರಾಯಿತು. “ಸರಿಯಾದ ಕಡೇನೇ ಬಿತ್ತು, ಕರ್ನಲ್ ಸಾರ್. ರೇಡಿಯೇಟರ್ ಯೋಚನೆ ಇವಳದು. ಇಷ್ಟು ದಿನ ಹೇಳೋಕೆ ನಾಲಿಗೆ ಏಳಲಿಲ್ಲ. ಕೈನೇ ಹೇಳಿಬಿಡ್ತು.”

“ಹಾಗಾದ್ರೆ ಇದು ನಿನಿಂಗ್ ಗಾಡಿ!” ಕರ್ನಲ್ ಮೈಕಿನಲ್ಲೇ ಸಾರಿದರು. “ಹತ್ತಮ್ಮಾ, ನಿನ್ನ ಗಾಡಿ ಹೇಗೆ ಓಡತ್ತೆ ನೋಡೋಣ.”

“ಬೇಡ ಸಾರ್, ತೆತೆನೇ ಓಡಿಸ್ಲಿ…”

“ನಾಚಿಕೆ ನೋಡು ಇವಳದು! ತಾ, ಚೀಲ ನಾನು ಹಿಡ್ಕೋತೀನಿ.” ಇಮಾಸ್ ಕೈಚೀಲ ಕಸಿದುಕೊಂಡು ತೂಗಿ ನೋಡಿದಳು. “ಏನೇ ಇದು, ಕಬ್ಬಿಣ ತುಂಬ್ಕೊಂಡು ಬಂದಿದ್ದೀಯಾ?”

ಉಕ್ಕಿನ ಮುಚ್ಚಳದ ಕೆಳಗೆ ಕೂತ ನಿನಿಂಗ್‌ಗೆ ಹೊರಗೆ ತನ್ನ ಹೆಸರನ್ನು ಕೂಗುತ್ತಿದ್ದದ್ದು ಕೇಳಿಸಿತು. ಅದನ್ನು ಕೇಳಲೆಂದೇ ಎಷ್ಟು ದಿನ ಕಾದಿದ್ದಳು! ಎಂಜಿನ್ ವಿನಯದಿಂದ ಸ್ಟಾರ್ಟ್ ಆಯಿತು. ಕೊಳದ ಆಳ, ಕೇಬಲ್ಲಿನ ಹಲ್ಲು, ಗಂಡಸರ ನಮಾಜು, ಕರ್ನಲ್‌ರ ಚಾಕು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ದಿನವೂ ತಿಂದು ಬೆರಳು ನೆಕ್ಕುತ್ತಿದ್ದ ಆ ಮೀನಿನ ತುಂಡೊಂದನ್ನು ಬಿಟ್ಟು. ಬಾಯಿ ಯಾರ ಜತೆ ಮಾತಾಡುತ್ತಿದ್ದರೂ, ತನ್ನ ಪಾಲಿಗೆ ಬಂದ ರುಚಿಯ ತುತ್ತನ್ನು ಇಮಾಸ್‌ಳ ಕೈ ಮೊದಲು ಹಾಕುತ್ತಿದ್ದದ್ದು ನಿನಿಂಗ್ ತಟ್ಟೆಗೇ. ಹೊರಗೆ ಇಮಾಸ್ ಚೀಲವನ್ನೆತ್ತಿ ಬೀಸುತ್ತ, “ಮುಂದಕ್ಕೆ ಕಣೇ, ಮುಂದಕ್ಕೆ!” ಎಂದು ಕೂಗಿದಳು. ನಿನಿಂಗ್ ಕಣ್ಣು ಮುಚ್ಚಿ ಹಿಡಿಯನ್ನು ಮುಂದಿನ ಗೇರಿಗೆ ತಂದಳು. ಕಣ್ಣು ತೆರೆದಾಗ, ಹಿಂದಿನ ದಾರಿ ಕಾಣಲೆಂದು ತಾನೇ ಹಟಹಿಡಿದು ಹಾಕಿಸಿದ್ದ ಕ್ಯಾಮೆರಾದ ಪುಟ್ಟ ಪರದೆಯ ತುಂಬ ಕೊಳದ ಮೀನುಗಳು ಬಾಯಿ ತೆರೆದು ಹತ್ತಿರ ಬರುತ್ತಿದ್ದವು.