ಕಾಮೆಂಟ್ ಒಂದು... ತೆರೆದರೆ ಖಾಲಿ

"ಸಂಘಮಿತ್ರಾ ಮೇಡಂ... ಶರಣು ಶರಣಾರ್ಥಿ ರಿ."

ಶಹಾಪುರದ ಬಸ್ ನಿಲ್ದಾಣದಲ್ಲಿ ಆ ದನಿ ಕೇಳಿ ಅವಳು ಗಕ್ಕನೆ ತಿರುಗಿದಳು! ದನಿ ಹೊಸದು. ಆ ಶರಣು ಮಾತ್ರ ಹಳೆಯದು... ಏಳು ತಿಂಗಳ ಹಿಂದೆ ಸತ್ತೇಹೋಯಿತು ಎಂದುಕೊಂಡಿದ್ದು.

"ನಾನ್ರಿ, ಸುರಪುರದ ನೀಲಕಂಠ. ನಿಮ್ಮ ಸಾಲಿಗೆ ಹೋಗಿದ್ದೆ. ಟ್ರೇನಿಂಗಿಗೆ ಇಲ್ಲಿಗಿ ಬಂದಾರ ಅಂದ್ರು."

'ಈಗ ಯಾಕೆ ಬಂದ?'

ಕಕ್ಕೇರಾದ ಶಾಲೆಯ ಈ ಟೀಚರು ಕಥೆ ಆ್ಯಪಿನಲ್ಲಿ ಬೇರೆ ಹೆಸರಿನಿಂದ ಬರೆಯುತ್ತಿದ್ದಳು. ಪ್ರತಿ ಕಥೆಗೂ ಮೊದಲ ಕಾಮೆಂಟು ಇವನದೇ. 'ಶರಣು ಶರಣಾರ್ಥಿ' ಎನ್ನದೆ ಮಾತು ಶುರುಮಾಡಿದವನಲ್ಲ, ಮನೆಯಲ್ಲಿ ಕಲಿಸಿದ್ದು. ಅವಳು ಉತ್ತರಿಸುವಳು, ಅವನು ಮತ್ತೆ ಬರೆಯುವನು. ಪ್ರೀತಿ ಅಂತ ಇಬ್ಬರೂ ಬಾಯಿಬಿಡಲಿಲ್ಲ. ಬಿಡಬೇಕೆಂದೇನಿದೆ!

ಒಂದು ದಿನ ಧೈರ್ಯಮಾಡಿ ಸ್ವಂತ ಹೆಸರು, ಶಾಲೆ, ಫೋಟೊ ಹಾಕಿ, ಕೊನೆಗೆ 'ಜೈಭೀಮ್' ಎಂದು ಬರೆದಳು. ಅಂದೇ ಜಾತಿ ಎತ್ತಿ ಬೈಯುವ ಕಾಮೆಂಟುಗಳು ಸುರಿದವು. ಒಂದೊಂದನ್ನೂ ಆ್ಯಪಿನವರಿಗೆ ರಿಪೋರ್ಟ್ ಮಾಡಿದಳು. 'ಪರಿಶೀಲಿಸಿದ್ದೇವೆ. ನಿಯಮ ಉಲ್ಲಂಘನೆ ಕಂಡುಬಂದಿಲ್ಲ.' ಹನ್ನೊಂದು ಸಲ ಅದೇ ಉತ್ತರ! ಬೈಗುಳಗಳೆಲ್ಲ ಉಳಿದವು. ನೀಲಕಂಠ ಮಾತ್ರ ಕಾಣಲಿಲ್ಲ.

ಆಮೇಲೆ ಶುರುವಾಯಿತು ಆ ಕಾಟ. ಹೊಸ ಕಥೆಗಳ ಕೆಳಗೆಲ್ಲ 'ಕಾಮೆಂಟ್ ೧' ಎಂದು ತೋರಿಸುವುದು... ತೆರೆದರೆ ಖಾಲಿ! ಪಾಠದ ನಡುವೆಯೂ ತೆರೆಯುವಳು. ಖಾಲಿ. ಯಾರೋ ಬಾಗಿಲು ಬಡಿದು ಮರೆಯಾದ ಹಾಗೆ.

"ಸತ್ತವ್ರು ಕನಸಿನ್ಯಾಗ ಕಾಡ್ತಾರ, ಬಿಟ್ಟುಹೋದವ್ರು ಹಾಡಹಗಲ ಕಾಡ್ತಾರವ್ವ," ಎಂದಿದ್ದಳು ಅವಳ ಅವ್ವ ತಿಮ್ಮವ್ವ.

ಈಗ ಅವನೇ ಎದುರಿಗೆ!

"ನನ್ನ ಹೆಸರು ನೋಡಿ ಓಡಿಹೋದವ್ರು ಈಗ್ಯಾಕ ಬಂದೀರಿ?"

"ಓಡಿಹೋದ್ನಾ? ಒಂದು ಕಥಿನೂ ಬಿಡಲಾರ್ದ ಬರದೀನ್ರಿ! ನೀವೇ ಉತ್ತರ ಕೊಡಲಿಲ್ಲ..."

"ಸುಳ್ಳು ಹೇಳಬ್ಯಾಡ್ರಿ!"

ಅವನು ಫೋನು ಚಾಚಿದ. ಪ್ರತಿ ಕಥೆಯ ಕೆಳಗೂ ಅವನ ಮಾತಿತ್ತು. ಅವಳು ತನ್ನ ಫೋನು ತೆರೆದಳು. ಅದೇ ಜಾಗ, ಖಾಲಿ.

"ನನ್ನ ಮಾತು ಮುಟ್ಟಾಕತ್ತಾವೋ ಇಲ್ಲೋ ಅಂತ ಆ್ಯಪಿನವ್ರಿಗಿ ಬರದು ಬರದು ಸಾಕಾತ್ರಿ. ನಿನ್ನೆ ಜವಾಬು ಬಂತು. ಓದ್ರಿ."

'ಪ್ರತಿ ಸಲವೂ ಒಂದೇ ಮಾತಿನಿಂದ ಶುರುವಾಗುವುದರಿಂದ ನಿಮ್ಮ ಖಾತೆಯನ್ನು ಏಳು ತಿಂಗಳ ಹಿಂದೆ ಮನುಷ್ಯರದಲ್ಲ, ಯಂತ್ರದ್ದೆಂದು ಗುರುತಿಸಲಾಗಿದೆ. ಅಂದಿನಿಂದ ನಿಮ್ಮ ಕಾಮೆಂಟುಗಳು ಲೆಕ್ಕಕ್ಕೆ ಸೇರಿದರೂ ನಿಮಗೆ ಮಾತ್ರ ಕಾಣುತ್ತವೆ.'

ಶರಣು ಅಂದದ್ದಕ್ಕೆ! ಬೈದವರನ್ನು ಒಳಗೆ ಬಿಟ್ಟು, ಕೈಮುಗಿದವನನ್ನು ಹೊರಗೆ ನಿಲ್ಲಿಸಿದ ಕಾವಲು! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಳು ತಿಂಗಳು ಇವನನ್ನೂ ಆ ಬೈದವರ ಸಾಲಿಗೇ ಸೇರಿಸಿದ್ದಳಲ್ಲ...

"ನಾ ಹೆಸರು ಹಾಕಿದ ದಿನದ್ದು... ಓದ್ರಿ." ಅವನ ಫೋನನ್ನು ಅವನತ್ತಲೇ ಸರಿಸಿದಳು.

ಅವನು ತಲೆತಗ್ಗಿಸಿ ಓದಿದ. "ಶರಣು ಶರಣಾರ್ಥಿ. ಇಷ್ಟು ಚಂದನ್ನ ಹೆಸರು ಯಾಕ ಮುಚ್ಚಿಟ್ಟಿದ್ರಿ? ಇವತ್ತೇ ನಮ್ಮ ಅವ್ವನ ಮುಂದ ನಿಮ್ಮ ಸುದ್ದಿ ಹೇಳ್ತೀನಿ."

"ಹೇಳಿದ್ರೇನು?"

"ಹೇಳಿದೆ. ಎಂಟು ದಿನ ನನ್ನ ಕೂಡ ಮಾತು ಬಿಟ್ಟಿದ್ಳು."

"ಆಮ್ಯಾಲ?"

"ಒಂಬತ್ತನೇ ದಿನ ರೊಟ್ಟಿ ಬಡಕೋತ ಕೇಳಿದ್ಳು, 'ಆ ಹುಡುಗಿ ಏನಂತಾಳೋ?' ಅಂತ. ಅವತ್ತಿಂದ ದಿನಾ ಕೇಳಾಕತ್ಯಾಳ್ರಿ... ಏನ್ ಹೇಳ್ಲಿ?"

ಸುರಪುರದ ಬಸ್ಸು ಬಂದು ನಿಂತಿತು. ಸಂಘಮಿತ್ರಾ ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡಳು.

"ನೀವೇನೂ ಹೇಳಬ್ಯಾಡ್ರಿ. ಬಸ್ ಹತ್ರಿ... ನಾನೇ ಬಂದು ಹೇಳ್ತೀನಿ."