ಕಲ್ಯಾಣಮಂಟಪದ ಹಲ್ಲಿ

“ಎಡಕ್ಕೆ ಒಂದು, ಬಲಕ್ಕೆ ಎರಡು. ನೆನಪೈತೆ ತಾನೆ?” ತೇಜಶ್ರೀ ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದಳು. “ಈ ತೇಜು ಇರೋವರ್ಗೂ ನಿನ್ನ ಫೇಲ್ ಮಾಡೋ ಡಾಕ್ಟ್ರು ಇನ್ನೂ ಹುಟ್ಟಿಲ್ಲ!”

“ಬಾಯ್ಮುಚ್ಚೇ, ಡೈಲಾಗ್ ರಾಣಿ,” ಎಂದ ಮಾರುತೇಶ.

ಕಣ್ಣಿನ ಟೆಸ್ಟಿಗೆಂದು ಆಸ್ಪತ್ರೆಯವರು ಚಳ್ಳಕೆರೆಯ ಕಲ್ಯಾಣಮಂಟಪದ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿದ್ದರು. ನೆಲದ ಮೇಲೆ ಬಾಣದ ಗುರುತುಗಳು. ದಾರಿಯುದ್ದಕ್ಕೂ ಡಬ್ಬ, ಕುರ್ಚಿ, ದಿಂಬು. ಮಂದ ಬೆಳಕಿನಲ್ಲಿ ಯಾವುದಕ್ಕೂ ತಾಗದೆ ನಡೆಯಬೇಕು.

ಮಬ್ಬಾದರೆ ಸಾಕು, ಮಾರುತೇಶನಿಗೆ ಹುಟ್ಟಿದಾಗಿನಿಂದಲೂ ಏನೂ ಕಾಣದು. ವಂಶದಲ್ಲೇ ಬಂದ ಒಂದು ಜೀನಿನ ತಪ್ಪಂತೆ. ಮೂರು ತಿಂಗಳ ಹಿಂದೆ ಬೆಂಗಳೂರಿನ ಡಾಕ್ಟರು ಆಪರೇಷನ್ ಮಾಡಿ ಸರಿಯಾದ ಜೀನನ್ನು ಅವನ ಬಲಗಣ್ಣೊಳಗೆ ಸೇರಿಸಿದ್ದರು. ಆ ಹೊಸ ಔಷಧಿ ಕೆಲಸ ಮಾಡಿದೆಯೇ ಎಂದು ನೋಡುವುದೇ ಇವತ್ತಿನ ಟೆಸ್ಟು.

ಮನೆಯಲ್ಲಿ ಕರೆಂಟು ಹೋದಾಗ ಅವನಿಗೆ ದಾರಿ ತೋರುವುದು ತೇಜಶ್ರೀಯ ನಾಲಗೆ. ಕುರಿ ತಿರುಗಿಸಲು ತಾತ ಹಾಕುವ ‘ಟ್ಚ್’ ಸದ್ದನ್ನು ಅವಳು ಚೆನ್ನಾಗಿ ಕಲಿತಿದ್ದಳು.

“ಶುರು ಮಾಡಪ್ಪ,” ಅವನ ಎಡಗಣ್ಣಿಗೆ ಪಟ್ಟಿ ಕಟ್ಟಿ ಡಾಕ್ಟರ್ ಚಿತ್ರಾ ಹೇಳಿದರು.

ಟ್ಚ್. ಅವನು ಎಡಕ್ಕೆ ತಿರುಗಿದ. ಟ್ಚ್ ಟ್ಚ್. ಬಲಕ್ಕೆ.

“ಅದೇನು ಸದ್ದು?”

“ಹಲ್ಲಿ ಮೇಡಂ! ಮದುವೆ ಊಟ ತಿಂದು ಸಿಕ್ಕಾಪಟ್ಟೆ ಬೆಳೆದೈತೆ!” ಎಂದಳು ತೇಜಶ್ರೀ.

ಮಾರುತೇಶ ಒಂದಕ್ಕೂ ತಾಗದೆ ಕೊನೆ ಮುಟ್ಟಿದ. ಡಾಕ್ಟರು ಪೆನ್ನು ತೆಗೆದರು.

“ಬರೀಬ್ಯಾಡ್ರಿ ಮೇಡಂ,” ಎಂದ ಅವನು. “ಆ ಹಲ್ಲೀನ ಹೊರಗೆ ಕಳ್ಸ್ರಿ. ಇನ್ನೊಂದ್ಸಲ ನಡೀತೀನಿ.”

“ಏ ಅಣ್ಣಾ! ಫುಲ್ ಮಾರ್ಕ್ಸ್ ಬರ್ತಿತ್ತಲ್ಲೋ!”

“ಔಷಧಿ ಹಾಕಿರೋದು ನನ್ನ ಕಣ್ಣಿಗೆ ಕಣೇ, ನಿನ್ನ ನಾಲಗೆಗಲ್ಲ. ಕಾಣ್ತೈತೋ ಇಲ್ವೋ ನಂಗೂ ಗೊತ್ತಾಗ್ಬೇಕು.”

ಡಾಕ್ಟರು ನಗು ತಡೆದುಕೊಂಡು ಬಾಗಿಲು ತೋರಿಸಿದರು. ಒಳಗೆ ಬಾಣಗಳು, ಡಬ್ಬಗಳು ಜಾಗ ಬದಲಿಸಿದವು.

ತೇಜಶ್ರೀ ಹೊರಗಿನ ಕಾರಿಡಾರಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಳಗೆ ಧಡ್ ಅಂತ ಡಬ್ಬ ಉರುಳಿತು. ಅವಳ ನಾಲಗೆ ತುರಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಧಡ್. ಆಮೇಲೆ ಬರೀ ಹೆಜ್ಜೆ ಸಪ್ಪಳ, ನಿಧಾನವಾಗಿ.

ಮಾರುತೇಶ ಬೆವರುತ್ತಾ ಹೊರಬಂದ. “ಎರಡು ಸಲ ತಾಗ್ದೆ. ಆಪರೇಷನ್‌ಗೆ ಮುಂಚೆ ಇದೇ ಟೆಸ್ಟಲ್ಲಿ ಹನ್ನೊಂದು.”

ಕಾರಿಡಾರಿನಲ್ಲೂ ಬೆಳಕು ಕಡಿಮೆ. ಯಾರೋ ನಡುದಾರಿಯಲ್ಲಿ ಬಕೆಟ್ ಬಿಟ್ಟು ಹೋಗಿದ್ದರು. ತೇಜಶ್ರೀ ಅವನ ಕಡೆ ಕೈ ಚಾಚಿದವಳು, ಹಿಂದಕ್ಕೆ ಎಳೆದುಕೊಂಡಳು.

ಮಾರುತೇಶ ನಿಂತ. ತಲೆ ಓರೆ ಮಾಡಿ ನೋಡಿದ. ಬಕೆಟ್ಟನ್ನು ಬಳಸಿಕೊಂಡು ಮುಂದೆ ಹೋದ.

ತೇಜಶ್ರೀ ಎರಡು ಹೆಜ್ಜೆ ಹಿಂದೆಯೇ ಉಳಿದು, ಅವನು ಹೋದ ದಾರಿಯಲ್ಲೇ ನಡೆದಳು.